ಜರಿ ಸುತ್ತಿದ ದಮಾಮಿ

ಮೊರೊಗೊರೊ, ತಾಂಜಾನಿಯಾ
೮ ಮಾರ್ಚ್ ೧೯೭೬

ಪ್ರೀತಿಯ ಅಕ್ಕ ಇಜಾಬೆಲ್‌ಗೆ ತಮ್ಮ ಲಾರೆನ್ಸ್ ಮಾಡುವ ನಮಸ್ಕಾರ.

ಬಂದು ಮುಟ್ಟಿದೆ. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೆ ಕೊಟ್ಟು, ಉಳಿದದ್ದು ಮಾತ್ರ ದಾರ್ ಎಸ್ ಸಲಾಮ್‌ನಲ್ಲಿ ಇಳಿಯಿತು. ಅಲ್ಲಿಂದ ಬಸ್ಸಿನಲ್ಲಿ ಅರ್ಧ ದಿನ ಬಂದರೆ ಈ ಊರು. ಸುತ್ತ ಗುಡ್ಡ, ಕಾಡು, ಥೇಟ್ ನಮ್ಮ ಜೋಯಿಡಾ ಕಡೆಯ ಹಾಗೆ.

ಇಲ್ಲಿ ಕಟ್ಟುತ್ತಿರುವುದು ಎರಡು ಸರಕಾರಗಳ ಸ್ನೇಹದ ಪ್ಲೈವುಡ್ ಕಾರ್ಖಾನೆ. ಯಂತ್ರ ನಮ್ಮ ದೇಶದ್ದು, ಮರ ಅವರ ದೇಶದ್ದು, ಭಾಷಣ ಇಬ್ಬರದ್ದೂ. ನನ್ನ ಕೆಲಸ ದಾಂಡೇಲಿಯಲ್ಲಿ ಮಾಡುತ್ತಿದ್ದದ್ದೇ, ಗರಗಸಕ್ಕೆ ಸಾಣೆ ಹಿಡಿಯುವುದು.

ಬಂದರಿನಲ್ಲಿ ಒಂದು ತಮಾಷೆಯಾಯಿತು. ತಂಡದ ಉಳಿದವರನ್ನು ಪಾಸ್‌ಪೋರ್ಟ್ ನೋಡಿ ಬಿಟ್ಟರು. ನನ್ನನ್ನು ಮಾತ್ರ ಪೊಲೀಸ್ ಹಿಡಿದು ನಿಲ್ಲಿಸಿ ಅವರ ಭಾಷೆಯಲ್ಲಿ ಏನೇನೋ ವಿಚಾರಿಸಿದ. 'ತಿಳೀಲಿಲ್ರೀ' ಅಂದೆ. ಕುಡಿದಿದ್ದೇನೆ ಅಂದುಕೊಂಡು ಬೈದ.

ವಸತಿಯ ಚಿಂತೆ ಮಾಡಬೇಡ. ಉಳಿದವರೆಲ್ಲ ಒಂದೇ ಕ್ವಾರ್ಟರ್ಸಿನಲ್ಲಿ ಒತ್ತೊತ್ತಾಗಿ ಇದ್ದಾರೆ. ನನಗೆ ಮ್ಯಾನೇಜರ್ ಸಾಹೇಬರು ಪ್ರತ್ಯೇಕ ವ್ಯವಸ್ಥೆ ಮಾಡಿದ್ದಾರೆ. ಊಟವೂ ಪ್ರತ್ಯೇಕ. ಗಾಳಿ ಬೆಳಕು ಧಾರಾಳ.

ಅಪ್ಪ ಹೋಗಿ ವರ್ಷ ತುಂಬಿಲ್ಲ. ಮಾನವಮಿ ಅಮಾವಾಸ್ಯೆಯ ಹಿರಿಯರ ಪೂಜೆಯಲ್ಲಿ ಅವನ ಹೆಸರು ಕೂಗಿ ಮನೆಯ ನಗಾರಿ, ಆ ದಮಾಮಿ ಬಾರಿಸಬೇಕು. ಆ ಸದ್ದು ಕೇಳಿದರೇ ಸತ್ತವರು ಮನೆಯೊಳಗೆ ಬಂದು ಹಿರಿಯರ ಜೊತೆ ಕೂಡುವುದು, ಅಲ್ಲಿಯವರೆಗೆ ಅಂಗಳದಲ್ಲೇ ನಿಂತಿರುತ್ತಾರೆ ಎಂದು ಅವನೇ ಹೇಳುತ್ತಿದ್ದ. ನಾನಂತೂ ಇಲ್ಲ, ಕಾಕಾನ ಮಗ ಸೋಮಾ ಬಾರಿಸಲಿ. ಮುತ್ತಜ್ಜ ಕೊರೆದ ದಿಂಡು ಅದು, ಹುಳ ಬೀಳದ ಹಾಗೆ ಎಣ್ಣೆ ಹಚ್ಚು. ಸಣ್ಣವಳಿದ್ದಾಗ ನೀನು ಕುಡಗೋಲಿನಿಂದ ಕೆತ್ತಿದ ಕುಂಟ ಶಿಲುಬೆ ಇದೆಯಲ್ಲ, ಆ ಕಡೆ ಎಣ್ಣೆ ಹೆಚ್ಚು ಹೀರುತ್ತದೆ.

ನಿನ್ನ ತಮ್ಮ
ಲಾರೆನ್ಸ್

*

ಹಳಿಯಾಳ
೧೧ ಎಪ್ರಿಲ್ ೧೯೭೬

ತಮ್ಮಾ ಲಾರೆನ್ಸ್,

ನಿನ್ನ ಪತ್ರ ಬೋರ್ಡಿಂಗಿನ ವಿಳಾಸಕ್ಕೆ ಬಂತು. ಸಿಸ್ಟರ್ ಸ್ಟ್ಯಾಂಪು ಕಿತ್ತಿಟ್ಟುಕೊಂಡು ಉಳಿದದ್ದನ್ನು ನಾನು ಕೆಲಸ ಮಾಡುವ ಅಡಿಗೆಮನೆಗೆ ಕಳಿಸಿದರು. ಪ್ರತ್ಯೇಕ ವ್ಯವಸ್ಥೆ ಎಂದು ಓದಿದ್ದೇ ತಡ, ಗಂಗೂ ಅತ್ತಿ ಊರೆಲ್ಲ ಸುತ್ತಿ ಬಂದಳು. 'ನಮ್ಮ ಲಾರೆನ್ಸಗ ಸಾಹೇಬರಂಗ ಬ್ಯಾರೆ ಮನಿ ಕೊಟ್ಟಾರ!'

ಇಲ್ಲಿ ಒಂದು ಹೇಸಿಗೆ ಶುರುವಾಗಿದೆ. ನೀನಿರುವ ದೇಶದ ಮಂತ್ರಿಗಳ ತಂಡವೊಂದು ದಾಂಡೇಲಿಯ ಕಾಡು, ಕಾರ್ಖಾನೆ ನೋಡಲು ಬರುತ್ತದಂತೆ. ಕುಳಗಿ ಕ್ಯಾಂಪಿನಲ್ಲಿ ಅವರಿಗೆ ಸತ್ಕಾರ. ಅದಕ್ಕಾಗಿ ಮೈತ್ರಿ ಸ್ವಾಗತ ಸಮಿತಿ ಎಂದು ಒಂದು ಹುಟ್ಟಿಕೊಂಡಿದೆ. ಹುಟ್ಟುವಾಗಲೇ ಅದಕ್ಕೆ ಜೀಪು ಇತ್ತು. ಜೀಪು ನೇರ ನಮ್ಮ ಕೇರಿಗೆ ಬಂತು. ಯಾಕೆಂದರೆ ಆಫ್ರಿಕಾದವರ ಮುಂದೆ ಕುಣಿಯಲು ಆಫ್ರಿಕಾದವರು ಬೇಕು. ನಮ್ಮ ಹಿರಿಯರನ್ನು ಎಂದೋ ಅಲ್ಲಿಂದ ಗುಲಾಮರಾಗಿ ಹಡಗಿನಲ್ಲಿ ತಂದಿದ್ದರಲ್ಲ, ಹಾಗಾಗಿ ಅವರು ನಾವು!

ನಾವು ಕುಣಿಯುವುದಿಲ್ಲ ಅನ್ನಲಿಲ್ಲ. ಫುಗಡಿ ಹಾಕುತ್ತೇವೆ, ದಮಾಮಿಗೆ ಹೆಜ್ಜೆ ಹಾಕುತ್ತೇವೆ ಅಂದೆವು. ಸಮಿತಿಯವರು ಧಾರವಾಡದಿಂದ ನಾಗಲಿಂಗಪ್ಪ ಎಂಬ ಕುಣಿತದ ಮಾಸ್ತರನನ್ನು ಕರೆತಂದಿದ್ದಾರೆ. ಅವನು ಎರಡೂ ಕೈ ಅಡ್ಡ ಆಡಿಸಿದ.

'ಫುಗಡಿ ಬ್ಯಾಡವಾ. ಅದು ಇಲ್ಲೀದಾತು. ನಿಮ್ಮ ಮೂಲ ಕುಣಿತ ಕುಣೀರಿ.'

'ನಮ್ಮ ಮೂಲದ್ದು ಇದ ರೀ,' ಅಂದೆ.

'ನಿಮಗ ಗೊತ್ತಿಲ್ಲವಾ. ನಾ ಕಲಿಸ್ತೇನಿ.'

ಕಲಿಸುತ್ತಿದ್ದಾನೆ. ಕೈಯಲ್ಲಿ ಬಿದಿರಿನ ಭಲ್ಲೆ ಹಿಡಿದು, ಮಂಡಿ ಅಗಲಿಸಿ, 'ಹುಂಬಾ ಹುಂಬಾ' ಎಂದು ಕುಪ್ಪಳಿಸಬೇಕು. ಅವನು ಆಫ್ರಿಕಾ ನೋಡಿದ್ದು ಹುಬ್ಬಳ್ಳಿಯ ಟಾಕೀಸಿನಲ್ಲಿ. ಸೊಂಟಕ್ಕೆ ನಾರಿನ ಲಂಗ. ನಲವತ್ತು ದಾಟಿದ ಹೆಂಗಸು ನಾನು, ಭಾನುವಾರ ಪೂಜೆಗೆ ತಲೆ ಮೇಲೆ ಸೆರಗು ಹೊದ್ದು ಕೂಡುವವಳು. ಒಲ್ಲೆ ಅಂದಿದ್ದಕ್ಕೆ ಸಮಿತಿಯವನೊಬ್ಬ ಕಾಡಿನ ದಾರಿ ನೋಡುತ್ತ, 'ಕಟ್ಟಿಗಿ ಎಲ್ಲಿಂದ ತರ್ತೀರಿ ನೀವು?' ಎಂದು ಸುಮ್ಮನೆ ಕೇಳಿದ. ಇಷ್ಟು ಸಾಕಲ್ಲ.

ನೀನಾದರೂ ಮರ್ಯಾದೆಯಿಂದ ಇದ್ದೀಯಲ್ಲ, ಅದೇ ಸಮಾಧಾನ.

ಇಜಾಬೆಲ್

*

ಹಳಿಯಾಳ
೩೦ ಮೇ ೧೯೭೬

ತಮ್ಮಾ,

ಆಯಿತು. ಕುಣಿದೆವು. ಥೂ.

ಹೊರಡುವ ಹೊತ್ತಿಗೆ ಫೋಟೋ ತೆಗೆಯುವವನು ನಮ್ಮನ್ನು ಸಾಲಾಗಿ ನಿಲ್ಲಿಸಿ ನೋಡಿ, ಇವರು ಸಾಕಷ್ಟು ಕಪ್ಪಗಿಲ್ಲ ಎಂದು ತಕರಾರು ತೆಗೆದ. ಉಳುಮೆ ಮಾಡಿ, ಕಟ್ಟಿಗೆ ಹೊತ್ತು, ಒಲೆ ಮುಂದೆ ಬೆಂದ ಮುಖ ಅವನಿಗೆ ಸಾಲಲಿಲ್ಲ! ನಾಗಲಿಂಗಪ್ಪ ಬೂಟ್ ಪಾಲಿಶ್ ಡಬ್ಬಿ ತಂದ. ಹೆಣ್ಣುಮಕ್ಕಳ ಮುಖಕ್ಕೆ, ತೋಳಿಗೆ ಬೂಟಿನ ಪಾಲಿಶ್. 'ಏನಾಗಂಗಿಲ್ಲವಾ, ಎಣ್ಣಿ ಹಚ್ಚಿದ್ರ ಹೋಗ್ತದ.' ಹೋಗಲಿಲ್ಲ. ಈಗಲೂ ರೊಟ್ಟಿ ಬಡಿಯುವಾಗ ನನ್ನ ಕೈಯಿಂದ ಬೂಟಿನ ವಾಸನೆ ಬಂದ ಹಾಗಾಗಿ ಎದ್ದು ಮತ್ತೆ ಕೈ ತೊಳೆಯುತ್ತೇನೆ.

ಬಂದವರು ಕೋಟು ಹಾಕಿಕೊಂಡ ಸಭ್ಯ ಮನುಷ್ಯರು. ನಾವು ಹುಂಬಾ ಹುಂಬಾ ಅಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದು ಇಂಡಿಯಾದ ಪದ್ಧತಿ ಇರಬೇಕೆಂದು ಪಾಪ ಚಪ್ಪಾಳೆ ತಟ್ಟಿದರು. ನಮ್ಮ ಕಡೆಯವರು ಅದು ಆಫ್ರಿಕಾದ್ದೆಂದು ಚಪ್ಪಾಳೆ ತಟ್ಟಿದರು. ನಮ್ಮದಲ್ಲವೆಂದು ಗೊತ್ತಿದ್ದವರು ನಾವು ಮಾತ್ರ, ನಮ್ಮ ಕೈಯಲ್ಲಿ ಭಲ್ಲೆ ಇತ್ತು. ಅವರ ಹಿರಿಯನೊಬ್ಬ ನನ್ನ ಹತ್ತಿರ ಬಂದು ಏನೋ ಕೇಳಿದ. ನಾನು ಬಾಯಿ ತೆಗೆಯುವ ಮೊದಲೇ ಸಮಿತಿಯ ದುಭಾಷಿ, ಇವರಿಗೆ ಬಹಳ ಸಂತೋಷವಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟ. ಅಷ್ಟು ಇಂಗ್ಲಿಷು ಬೋರ್ಡಿಂಗಿನಲ್ಲಿ ಇದ್ದು ನನಗೂ ತಿಳಿಯುತ್ತದೆ.

ಸೋಮಾ ದಮಾಮಿ ಬಾರಿಸಿದ. ಅದೊಂದು ಮಾತ್ರ ಖರೆ ಇತ್ತು. ಎಲ್ಲರೂ ಮೆಚ್ಚಿದರು. ಸಮಿತಿಯ ಅಧ್ಯಕ್ಷರು ಮೈಕಿನಲ್ಲಿ ಅದರ ಬಗ್ಗೆಯೇ ಬಹಳ ಹೊತ್ತು ಮಾತಾಡಿದರು. ಆಮೇಲೆ ಊಟಕ್ಕೆ ಹೋದರು. ಅದರ ಬಗ್ಗೆ ಬರೆಯುವಂಥದ್ದು ಬೇರೇನೂ ಇಲ್ಲ.

ನೀನು ಕೆಲಸ ನೋಡಿಕೊಂಡು ಇರು. ಯಾವುದಕ್ಕೂ ಸಿಟ್ಟಿಗೆದ್ದು ಬಿಟ್ಟು ಬರಬೇಡ.

ಇಜಾಬೆಲ್

*

ಮೊರೊಗೊರೊ
೧೮ ಜುಲೈ ೧೯೭೬

ಅಕ್ಕಾ,

ನಿನ್ನ ಪತ್ರ ಓದಿದೆ. ಆ ಪಾಲಿಶ್ ಡಬ್ಬಿ ನನ್ನ ಕೈಗೆ ಸಿಗಬೇಕಿತ್ತು.

ನನ್ನ ಜೊತೆ ಸಾಣೆ ಕಲಿಯುತ್ತಿರುವ ಈ ಊರಿನ ಮನುಷ್ಯನೊಬ್ಬ ಇದ್ದಾನೆ, ಮ್ಕುಡೆ ಅಂತ. ನನಗಿಂತ ಹಿರಿಯ. ಹರಕು ಮುರುಕು ಅವರ ಭಾಷೆಯಲ್ಲಿ ಅವನಿಗೆ ನಿನ್ನ ಕಥೆ ಹೇಳಿದೆ. ಹುಂಬಾ ಹುಂಬಾ ಎಂದರೇನು ಎಂದು ಕೇಳಿದೆ. ಬಹಳ ಯೋಚಿಸಿ, 'ಅದು ಇಂಡಿಯಾದ ಮಾತಲ್ಲವಾ?' ಅಂದ.

ನಿಮ್ಮಲ್ಲಿಗೆ ಬಂದಿದ್ದ ತಂಡ ವಾಪಸು ಬಂದಿದೆ. ಕಾಣಿಕೆಗಳು ಗಾಡಿ ತುಂಬ ಬಂದಿವೆ: ಗಂಧದ ಆನೆ, ಶಾಲು, ಗೋಡೆಗಡಿಯಾರ. ಒಂದು ದಮಾಮಿಯೂ ಇದೆ! ನಮ್ಮ ಕಾರ್ಖಾನೆಯ ಸಭಾಂಗಣದಲ್ಲಿ ಎತ್ತರದ ಕಟ್ಟೆಯ ಮೇಲೆ ಇಟ್ಟು, ಮೈತುಂಬ ಜರಿ ಬಟ್ಟೆ ಸುತ್ತಿ ಜೂಲು ಇಳಿಬಿಟ್ಟಿದ್ದಾರೆ. ಇದನ್ನು ಶತಮಾನಗಳ ಹಿಂದೆ ಆಫ್ರಿಕಾದಿಂದ ಒಯ್ದಿದ್ದರು, ಈಗ ತಾಯಿನಾಡಿಗೆ ಮರಳಿದೆ ಎಂದು ಹಿತ್ತಾಳೆಯ ಫಲಕ. ಹಗ್ಗ ಕಟ್ಟಿ ಹತ್ತಿರ ಯಾರನ್ನೂ ಬಿಡುವುದಿಲ್ಲ. ಯಾರ ಮನೆಯಿಂದ ಕಿತ್ತು ತಂದರೋ. ಮುಂಡಗೋಡ, ಇಂದೂರ ಕಡೆಯದಿರಬೇಕು. ಆ ಮನೆಯವರು ಕೊಟ್ಟದ್ದಾದರೂ ಹೇಗೆ? ಹೊಟ್ಟೆಗಿಲ್ಲದಿದ್ದರೂ ಹಿರಿಯರ ದಮಾಮಿಯನ್ನು ಯಾರಾದರೂ ಕೈಬಿಡುತ್ತಾರಾ? ನನಗೆ ಅಧ್ಯಕ್ಷನಿಗಿಂತ ಆ ಮನೆಯವರ ಮೇಲೇ ಹೆಚ್ಚು ಅಸಹ್ಯ ಬಂತು.

ನಮ್ಮದು ಹೇಗಿದೆ, ಬರೆ.

ಲಾರೆನ್ಸ್

*

ಹಳಿಯಾಳ
೮ ಆಗಸ್ಟ್ ೧೯೭೬

ತಮ್ಮಾ,

ನಮ್ಮದು ಗೂಟದ ಮೇಲೇ ಇದೆ. ಗಂಗೂ ಅತ್ತಿ ಎಣ್ಣೆ ಹಚ್ಚಿದಳು. ಕುಂಟ ಶಿಲುಬೆಯ ಕಡೆ ಹೆಚ್ಚು ಹೀರಿತು. ನೀನು ಅದರ ಚಿಂತೆ ಬಿಡು.

ಆ ಮನೆಯವರ ಬಗ್ಗೆ ಹಾಗೆ ಬರೆಯಬಾರದಿತ್ತು. ಮೈಕು, ಜೀಪು, ಪೊಲೀಸು ಎಲ್ಲ ಒಂದೇ ಕಡೆ ಇದ್ದಾಗ 'ನಮ್ಮದು ರೀ ಅದು' ಎಂದು ಒಂದು ಹೆಣ್ಣು ಕೂಗಿದರೆ ಚಪ್ಪಾಳೆಯಲ್ಲಿ ಕೇಳಿಸುತ್ತದಾ?

ಇರಲಿ. ನನ್ನದೊಂದು ಪ್ರಶ್ನೆ ಇದೆ. ಸಿಸ್ಟರ್ ಬೇಳೆ ಕಟ್ಟಿಸಿ ತಂದ ಪೇಪರಿನಲ್ಲಿ ಒಂದು ಫೋಟೋ ಇತ್ತು. ದಿಲ್ಲಿಯ ವ್ಯಾಪಾರ ನಿಯೋಗದ ದೊಡ್ಡವರು ನಿಮ್ಮ ಕಾರ್ಖಾನೆಯಲ್ಲಿ ಒಬ್ಬ ಆಫ್ರಿಕನ್ ಕಾರ್ಮಿಕನ ಕೈ ಕುಲುಕುತ್ತಿದ್ದಾರೆ. ಕಾರ್ಮಿಕ ಚಿತ್ತಾರದ ಅಂಗಿ ಹಾಕಿ, ತಲೆಗೆ ಟೋಪಿ ಇಟ್ಟುಕೊಂಡು ಹಲ್ಲು ಬಿಟ್ಟಿದ್ದಾನೆ. ಮುಂದಿನ ಹಲ್ಲು ಅರ್ಧ ಮುರಿದಿದೆ. ನಮ್ಮ ಪೇರಲ ಗಿಡದಿಂದ ಬಿದ್ದು ನೀನು ಮುರಿದುಕೊಂಡೆಯಲ್ಲ, ಅದೇ ಹಲ್ಲು.

ಲಾರೆನ್ಸ್, ಆ ಪ್ರತ್ಯೇಕ ವ್ಯವಸ್ಥೆ ಎಂದರೇನು?

ಇಜಾಬೆಲ್

*

ಹಳಿಯಾಳ
೨೬ ಸೆಪ್ಟೆಂಬರ್ ೧೯೭೬

ತಮ್ಮಾ,

ನನ್ನ ಪತ್ರಕ್ಕೆ ನಿನ್ನ ಉತ್ತರ ಬರಲಿಲ್ಲ. ಸಿಟ್ಟು ಬಂದಿರಬೇಕು.

ಅಮಾವಾಸ್ಯೆಯ ದಿನ ಹಿರಿಯರ ಪೂಜೆ ಆಯಿತು. ತೆಂಗಿನಕಾಯಿ ಇಟ್ಟೆವು, ಎಡೆ ಇಟ್ಟೆವು, ಅಪ್ಪನ ಹೆಸರು ಕೂಗಿದೆವು. ರೊಜಾರಿಯೊ ಎಂದು ಗಂಗೂ ಅತ್ತಿ ಕೂಗಿದ್ದು ಕೆಳಗಿನ ಕೇರಿಗೂ ಕೇಳಿಸಿತು. ಸೋಮಾ ದಮಾಮಿ ಬಾರಿಸಿದ. ಚೆನ್ನಾಗಿ ಬಾರಿಸಿದ. ಅಪ್ಪ ಒಳಗೆ ಬಂದ. ಎಲ್ಲ ಸರಿಯಾಯಿತು.

ಮೈ ಸರಿಯಿಲ್ಲ, ಹೆಚ್ಚು ಬರೆಯಲಾರೆ.

ಇಜಾಬೆಲ್

*

ಮೊರೊಗೊರೊ
೧೪ ಅಕ್ಟೋಬರ್ ೧೯೭೬

ಅಕ್ಕಾ,

ಸುಳ್ಳು ಹೇಳಲು ನಿನಗೆ ಬರುವುದಿಲ್ಲ. ನನಗೂ ಬರುವುದಿಲ್ಲ, ಅದಕ್ಕೇ ಉತ್ತರ ಬರೆಯಲಿಲ್ಲ.

ಪ್ರತ್ಯೇಕ ವ್ಯವಸ್ಥೆ ಎಂದರೆ ಕೂಲಿಯವರ ತಗಡಿನ ಲೈನು. ಬಂದ ದಿನವೇ ನಮ್ಮ ಮ್ಯಾನೇಜರ್, 'ಲಾರೆನ್ಸ್, ನೀ ನಿಮ್ಮವರ ಜೋಡಿ ಇರು, ಮನಸ್ಸಿಗೆ ಹಿತ ಆಗತೈತಿ' ಅಂದ. ನಮ್ಮವರು ಯಾರು ರೀ ಅಂದೆ. ನಕ್ಕ. ದಾಂಡೇಲಿಯಲ್ಲಿ ಒಂದೇ ಚಹದಂಗಡಿಯಲ್ಲಿ ಕುಡಿದವರು ಇಲ್ಲಿ ನನ್ನ ತಾಟು ಬೇರೆ ಮಾಡಿದರು, ಒಬ್ಬರೂ ತುಟಿ ಬಿಚ್ಚಲಿಲ್ಲ. ದಿಲ್ಲಿಯವರು ಬಂದ ದಿನ ಊರಿನ ಕೆಲಸಗಾರರು ಫೋಟೋಕ್ಕೆ ನಿಲ್ಲಲು ಒಪ್ಪಲಿಲ್ಲ. 'ನಾವು ಮರ ಕೊಯ್ಯಲು ಬಂದಿದ್ದೇವೆ, ಹಲ್ಲು ತೋರಿಸಲು ಅಲ್ಲ' ಎಂದ ಮ್ಕುಡೆ. ಆಗ ನನಗೆ ಅಂಗಿ, ಟೋಪಿ ಬಂತು. ದೊಡ್ಡ ಸಾಹೇಬರು ನನ್ನ ಕೈ ಕುಲುಕಿ, ಇಲ್ಲಿಯವರ ನಮಸ್ಕಾರದ ಹಾಗೆ ಜಾಂಬೋ ಎಂದರು. ನಾನೂ ಜಾಂಬೋ ಎಂದೆ. ಹಳಿಯಾಳದವನು ನಾನು! ಆ ದಿನ ನನ್ನ ಮುಖದ ಮೇಲೆ ನಾನೇ ಉಗಿಯುವ ಹಾಗಿತ್ತು.

ಕಾರ್ಖಾನೆಯ ಉದ್ಘಾಟನೆ ಸೆಪ್ಟೆಂಬರ್ ಇಪ್ಪತ್ತಮೂರಕ್ಕೆ ಇತ್ತು. ಮಾನವಮಿ ಅಮಾವಾಸ್ಯೆ ದಿನ ಯಾರಾದರೂ ಉದ್ಘಾಟನೆ ಇಡುತ್ತಾರಾ ಎಂದು ಮ್ಯಾನೇಜರ್ ತಲೆ ಚಚ್ಚಿಕೊಂಡ. ದಿನ ಗೊತ್ತು ಮಾಡಿದವರು ಇಲ್ಲಿಯ ಮಂತ್ರಿ, ಅವರಿಗೇನು ಗೊತ್ತು. ಎರಡೂ ದೇಶದವರು ಸಾಲಾಗಿ ಕೂತರು. ಸ್ನೇಹದ ನಗಾರಿ ಎಂದು ಆ ಕಾಣಿಕೆಯ ದಮಾಮಿ ಬಾರಿಸಲು ಊರಿನವರು ಮತ್ತೆ ಒಲ್ಲೆ ಅಂದರು, ಅದು ನಮ್ಮದಲ್ಲ, ಹಿಡಿಯುವುದು ಹೇಗೆಂದೂ ಗೊತ್ತಿಲ್ಲ ಎಂದರು. ಮತ್ತೆ ನನಗೆ ಅಂಗಿ, ಟೋಪಿ. ಆ ಕಟ್ಟೆಯ ಹತ್ತಿರ ನಾನು ಹೋದದ್ದು ಅದೇ ಮೊದಲು. ಕೊರಳಿಗೆ ಹಾಕಿಕೊಳ್ಳಲು ಜರಿ ಬಟ್ಟೆ ಸರಿಸಿದೆ.

ಕುಂಟ ಶಿಲುಬೆ ಇತ್ತು.

ಅಕ್ಕಾ, ನಿನ್ನ ಆಗಸ್ಟಿನ ಪತ್ರ ಅಂಗಿಯ ಜೇಬಿನಲ್ಲೇ ಇತ್ತು. 'ನಮ್ಮದು ಗೂಟದ ಮೇಲೇ ಇದೆ.' ಆ ಮನೆಯವರು ಎಂದು ನಾನು ಬೈದದ್ದು ನಿನ್ನನ್ನೇ. ಅದನ್ನು ಓದಿಯೂ ನೀನು ಗಂಗೂ ಅತ್ತಿ ಎಣ್ಣೆ ಹಚ್ಚಿದಳು ಎಂದು ಬರೆದೆ.

ಕೆಳಗಿಟ್ಟು ಹೋಗಬೇಕು ಅನಿಸಿತು. ಇವತ್ತು ಮನೆಯಲ್ಲಿ ಎಡೆ ಇಟ್ಟಿರುತ್ತೀರಿ, ದಮಾಮಿ ಇಲ್ಲ, ಅಪ್ಪ ಅಂಗಳದಲ್ಲಿ ನಿಂತಿದ್ದಾನೆ ಎಂಬುದೂ ತಲೆಗೆ ಬಂತು. ಬಾರಿಸಿದೆ. ಹಿರಿಯರನ್ನು ಕರೆಯುವ ಬಡಿತವನ್ನೇ ಬಾರಿಸಿದೆ. ಮನಸ್ಸಿನಲ್ಲೇ ಅಪ್ಪನ ಹೆಸರು ಕೂಗಿದೆ. ಮಂತ್ರಿಗಳು ತಾಳಕ್ಕೆ ಚಪ್ಪಾಳೆ ತಟ್ಟಿದರು. ನಮ್ಮ ಮ್ಯಾನೇಜರನ ಹೆಂಡತಿ ಕೂತಲ್ಲೇ ಭುಜ ಕುಣಿಸಿದಳು. ಅಪ್ಪನ ಪೂಜೆಗೆ ಭುಜ ಕುಣಿಸಿದಳು, ಅಕ್ಕಾ! ಕೆಳಗಿಳಿದಾಗ ಮ್ಕುಡೆ ಕೇಳಿದ: 'ಯಾರು ತೀರಿಕೊಂಡರು?' ನಗಾರಿಯಲ್ಲಿ ತಿಳಿಯಿತಾ ಅಂದೆ. ಇಲ್ಲ, ನಿನ್ನ ಮುಖ ನೋಡಿ ಕೇಳಿದೆ ಅಂದ.

ದಮಾಮಿ ನಮ್ಮದು, ಕೊಡಿ ಎಂದು ಮ್ಯಾನೇಜರನನ್ನು ಕೇಳಿದೆ. 'ಹುಚ್ಚೇನೋ? ಎರಡು ಸರಕಾರದ ಸ್ವತ್ತು ಅದು' ಅಂದ. ಮುಂದಿನ ವಾರ ಆ ಸ್ವತ್ತು ಅವನ ಬಂಗಲೆಯ ಪಡಸಾಲೆಯಲ್ಲಿತ್ತು. ನೆಟ್ಟಗೆ ನಿಲ್ಲಿಸಿ, ಮೇಲೆ ಗಾಜು ಇಟ್ಟು, ಗಾಜಿನ ಮೇಲೆ ವಿಸ್ಕಿ ಮತ್ತು ಬೂದಿಬಟ್ಟಲು. ಆಮೇಲೆ ಅವನಿಗೇ ದಿಂಡು ಮಂಕಾಗಿದೆ ಅನಿಸಿ ವಾರ್ನಿಶ್ ಹೊಡೆಸಲು ವರ್ಕ್‌ಶಾಪಿಗೆ ಕಳಿಸಿದ.

ಮ್ಕುಡೆ ಬಾಗಿಲಲ್ಲಿ ನಿಂತ. ನಾನು ಹಗ್ಗ ಬಿಚ್ಚಿ, ಅಪ್ಪ ಬಿಗಿದಿದ್ದ ಎರಡೂ ಚರ್ಮ ತೆಗೆದೆ. ಅವುಗಳ ಜಾಗದಲ್ಲಿ ನಮ್ಮ ಪ್ಲೈವುಡ್ಡನ್ನೇ ಗುಂಡಗೆ ಕೊಯ್ದು ಕೂರಿಸಿ, ಚರ್ಮದ ಬಣ್ಣ ಬಳಿದೆ. ಇಲ್ಲಿಯವರೆಗೆ ಈ ಕಾರ್ಖಾನೆಯಿಂದ ಬಿರುಕಿಲ್ಲದ ಒಂದು ಹಲಗೆ ಹೊರಬಿದ್ದಿರಲಿಲ್ಲ. ಎರಡು ದೇಶಗಳ ಸ್ನೇಹದ ಮೊದಲ ಸರಕು ಅದೇ. ಮ್ಯಾನೇಜರ್ ನೋಡಿ, ಈಗ ಲಕ್ಷಣವಾಯಿತು ಅಂದ. ಯಾರಾದರೂ ಬಾರಿಸಿದರೆ ತಾನೆ ಗೊತ್ತಾಗುವುದು!

ಕೆಲಸ ಬಿಟ್ಟೆ. ಕರಾರು ಮುರಿದೆ ಎಂದು ಟಿಕೀಟು ಕೊಡುವುದಿಲ್ಲವಂತೆ. ಡಿಸೆಂಬರಿನಲ್ಲಿ ಹಡಗು ಇದೆ, ಡೆಕ್ಕಿನಲ್ಲಿ ಬರುತ್ತೇನೆ. ದಿಂಡು ತರಲಾಗಲಿಲ್ಲ, ಅದಕ್ಕೆ ಬೈಯಬೇಡ. ಚರ್ಮವನ್ನು ಟ್ರಂಕಿನ ತಳದಲ್ಲಿ ಬಟ್ಟೆಯ ಕೆಳಗೆ ಮುಚ್ಚಿಟ್ಟಿದ್ದೇನೆ.

ಖರೆ ಹೇಳು, ಆ ದಿನ ಸೋಮಾ ಬಾರಿಸಿದ್ದು ಏನನ್ನು?

ಲಾರೆನ್ಸ್

*

ಹಳಿಯಾಳ
೨ ನವೆಂಬರ್ ೧೯೭೬

ತಮ್ಮಾ ಲಾರೆನ್ಸ್,

ಸೀಮೆಎಣ್ಣೆ ಡಬ್ಬಿ.

ಸೋಮಾ ಎರಡು ಬಡಿತ ಬಡಿದು ಕೈ ಕೆಳಗಿಟ್ಟ. 'ಇದಕ್ಕ ದೊಡ್ಡಪ್ಪ ಬರಂಗಿಲ್ಲ' ಅಂದ. ಯಾರೂ ಎಡೆ ಮುಟ್ಟಲಿಲ್ಲ, ಮರುದಿನ ದನಕ್ಕೆ ಹಾಕಿದೆವು. ಅಂದಿನಿಂದ ನಾನು ಬಾಗಿಲ ಅಗಳಿ ಹಾಕಿಲ್ಲ. ಇವತ್ತು ಇಗರ್ಜಿಯಲ್ಲಿ ಸತ್ತವರ ಹಬ್ಬ. ಅಪ್ಪನ ಗೋರಿಯ ಮೇಲೆ ಮೇಣದಬತ್ತಿ ಹಚ್ಚಿ ಬಂದೆ. ಪಾದ್ರಿಯ ಪ್ರಕಾರ ಅವನು ಸ್ವರ್ಗದಲ್ಲಿದ್ದಾನೆ. ನನಗೆ ಮಾತ್ರ ಅಂಗಳ ದಾಟುವಾಗ ಅವನಿಗೆ ಮುಖ ತೋರಿಸಲು ನಾಚಿಕೆ.

ಕುಳಗಿಯಲ್ಲಿ ಅಧ್ಯಕ್ಷ ಮೈಕಿನಲ್ಲಿ ದಮಾಮಿ ಆಫ್ರಿಕಾದ್ದು ಎಂದಾಗಲೇ ನನಗೆ ಗಾಬರಿಯಾಗಿತ್ತು. ಸೋಮಾನ ಕೊರಳಿಂದ ತೆಗೆದು ಬಂದ ಅತಿಥಿಗಳ ಕೈಗಿಟ್ಟರು. ನಮ್ಮದು ರೀ ಎಂದು ಕೂಗಿದವಳು ನಾನೇ. ಪಾಲಿಶ್ ಬಳಿದ ಮುಖ, ನಾರಿನ ಲಂಗ, ಕೈಯಲ್ಲಿ ಭಲ್ಲೆ. ಕೂಗಿದ್ದೂ ಕುಣಿತದಲ್ಲೇ ಸೇರಿತು. ನಿನಗೆ ಬರೆದರೆ ಎದ್ದು ಬರುತ್ತೀ, ಮರ್ಯಾದೆಯ ಕೆಲಸ ಹೋಗುತ್ತದೆ ಎಂದು ಮುಚ್ಚಿಟ್ಟೆ. ಎಂಥ ಮರ್ಯಾದೆ! ಅಲ್ಲಿ ಆಫ್ರಿಕಾ ಎಂದರೆ ನೀನು, ಇಲ್ಲಿ ಆಫ್ರಿಕಾ ಎಂದರೆ ನಾನು. ಎರಡು ದೊಡ್ಡ ದೇಶಗಳ ಸ್ನೇಹಕ್ಕೆ ಒಂದೇ ಒಲೆ ಮುಂದೆ ಉಂಡು ಬೆಳೆದ ನಾವಿಬ್ಬರೇ ಸಾಕಾದೆವು.

ಸಮಿತಿಯವರು ಮೊನ್ನೆ ಮತ್ತೆ ಬಂದಿದ್ದರು, ಇನ್ಯಾವುದೋ ದೇಶದವರು ಬರುತ್ತಾರಂತೆ. ನಾರಿನ ಲಂಗವನ್ನು ನಾಗಲಿಂಗಪ್ಪನ ಕೈಗೇ ಕೊಟ್ಟು, 'ನೀವ ಉಟ್ಕೊಳ್ರಿ ಮಾಸ್ತರ, ನಿಮಗ ಕುಣಿತ ಪಾಠ ಐತಿ' ಅಂದೆ. ಕಟ್ಟಿಗೆ ಬಂದ್ ಮಾಡಿದರೆ ಮಾಡಲಿ, ಎರಡು ದಿನ ಅಂಬಲಿ ಕುಡಿದರಾಯಿತು.

ದಿಂಡಿಗಾಗಿ ಅಳಬೇಡ. ಹಿತ್ತಿಲ ಹಲಸಿನ ಮರ ಕಡಿಸಿದೆ. ಸೋಮಾ ದಿನಾ ಬಂದು ಕೊರೆಯುತ್ತಿದ್ದಾನೆ. ಕುಂಟ ಶಿಲುಬೆ ಅಲ್ಲೇ ಇರಲಿ, ಆ ಮ್ಯಾನೇಜರ್ ಗ್ಲಾಸು ಇಡುವಾಗೆಲ್ಲ ಕೈಗೆ ತಾಗಲಿ.

ನಿನ್ನ ಪತ್ರ ಓದಿ ಹೇಳಿದಾಗ ಗಂಗೂ ಅತ್ತಿ ಒಂದು ಮಾತು ಕೇಳಿದಳು. 'ಇಲ್ಲಿ ಹೆಸರು ಕೂಗಿದ್ವಿ, ಅಲ್ಲಿ ದಮಾಮಿ ಬಾರಿಸಿದ. ಹಂಗಾರ ನಿಮ್ಮಪ್ಪ ಎಲ್ಲಿಗೆ ಹೋಗಿರಬೇಕು?'

ದಮಾಮಿ ಕರೆದಲ್ಲಿಗೆ ಹೋಗಿರುತ್ತಾನೆ, ಇನ್ನೆಲ್ಲಿಗೆ. ಅಪ್ಪ ಅಂಗಳದಲ್ಲಿ ಇಲ್ಲ ಲಾರೆನ್ಸ್, ಅಲ್ಲೇ ಇದ್ದಾನೆ, ನಿನ್ನ ಹತ್ತಿರ. ಪಾಪ, ಅವನಿಗೆ ಆ ಭಾಷೆ ಬರುವುದಿಲ್ಲ. ಅವನನ್ನೂ ಆ ಊರಿನವನೆಂದು ತಿಳಿದು ತಗಡಿನ ಲೈನಿಗೇ ಕಳಿಸಿರುತ್ತಾರೆ. ಬರುವಾಗ ಕರೆದುಕೊಂಡು ಬಾ.

ಚರ್ಮವನ್ನು ಟ್ರಂಕಿನ ತಳದಿಂದ ಈಗಲೇ ತೆಗೆ. ನಮ್ಮ ಹಿರಿಯರು ಒಮ್ಮೆ ಹಡಗಿನ ತಳದಲ್ಲಿ ಬಂದದ್ದು ಸಾಕು. ಅಪ್ಪನನ್ನು ಮೇಲೆ, ಡೆಕ್ಕಿನಲ್ಲಿ, ನಿನ್ನ ಪಕ್ಕದಲ್ಲಿ ಗಾಳಿಗೆ ಕೂರಿಸಿಕೊಂಡು ಬಾ.

ನಿನ್ನ ಅಕ್ಕ
ಇಜಾಬೆಲ್